ಚಿಕ್ಕ ಐಶ್ಯಾಡೋ ಬ್ರಷ್: ಪದೇ ಪದೇ ಕೇಳುವ ಪ್ರಶ್ನೆಗಳು, ನಮ್ಮ ಕರಾವಳಿಯ ಸೆಕೆಗೆ ಸರಿಯಾಗಿ

ಮದುವೆ ಸೀಸನ್ ಶುರುವಾದ್ರೆ ಸಾಕು, ಉಡುಪಿ ಮಂಗ್ಳೂರು ಕಡೆಯ ಹುಡುಗಿಯರು ಕೇಳುದು ಹೆಚ್ಚುಕಮ್ಮಿ ಇದೇ ಪ್ರಶ್ನೆಗಳು. "ಅಕ್ಕ, ನನ್ನ ಐಶ್ಯಾಡೋ ಹುಬ್ಬಿನ ತನಕ ಹರಡ್ತದೆ", "ಅಕ್ಕ, ಬ್ಲೆಂಡ್ ಮಾಡಿದ್ರೆ ಎಲ್ಲ ಕಲರ್ ಸೇರಿ ಒಂದೇ ಕಂದು ಬಣ್ಣ ಆಗ್ತದೆ". ಹೆಚ್ಚಿನವರದ್ದು ಕೈಯ ದೋಷ ಅಲ್ಲ, ಬ್ರಷ್ಷಿನ ಸೈಜ್ ದೋಷ. ಅದನ್ನೇ ಇಲ್ಲಿ ಬಿಡಿಸಿ ಹೇಳ್ತೇನೆ. ಬ್ಲೆಂಡ್ ಅಂದ್ರೆ ಹಚ್ಚಿದ ಬಣ್ಣದ ಅಂಚನ್ನು ಕರಗಿಸುದು.

ಚಿಕ್ಕ ಬ್ಲೆಂಡಿಂಗ್ ಬ್ರಷ್ ಅಂದ್ರೆ ಯಾವ್ದು? ಸೆಟ್ಟಲ್ಲಿ ಬರುವ ದಪ್ಪದ್ದು ಸಾಕಾಗುದಿಲ್ವಾ?

ಒಂದು ಸ್ಕೇಲ್ ತಗೊಳ್ಳಿ, ಸುಮ್ಮನೆ ಹೇಳುದಲ್ಲ, ನಿಜವಾಗಿ ತಗೊಳ್ಳಿ. ದೊಡ್ಡವರ ಕಣ್ಣು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸಾಧಾರಣ 3 ಸೆಂಟಿಮೀಟರ್ ಇರ್ತದೆ, ರೆಪ್ಪೆ ಕೂದಲಿನಿಂದ ಮಡಿಕೆಯ ತನಕ, ಅಂದ್ರೆ ಕ್ರೀಸ್ ಅಂತೇವಲ್ಲ ಅಲ್ಲಿಯ ತನಕ, ಕಣ್ಣು ಮುಚ್ಚಿದಾಗ ಒಂದು ಸೆಂಟಿಮೀಟರಿನ ಆಸುಪಾಸು, ಎಷ್ಟೋ ಜನಕ್ಕೆ ಅದಕ್ಕಿಂತ ಕಮ್ಮಿ. ಈಗ ನಿಮ್ಮ ಸೆಟ್ಟಿನ ದಪ್ಪ ಬ್ರಷ್ ತಲೆಯ ಅಗಲ ಅಳೆದು ನೋಡಿ, 12 ಮಿಲಿಮೀಟರ್ ಅಂತ ಇಟ್ಕೊಳ್ಳಿ, ಅದನ್ನು ಕಣ್ಣಿನ ಮೇಲೆ ಇಟ್ಟ ಕೂಡ್ಲೆ ಕಣ್ಣಿನ ಉದ್ದದ ಐದರಲ್ಲಿ ಎರಡು ಭಾಗ ಮುಚ್ಚಿತು, ಆಚೀಚೆ ಒಂದು ಸಲ ಉಜ್ಜುವುದರೊಳಗೆ ಬಣ್ಣ ಎಲ್ಲಿಗೆಲ್ಲ ಹೋಗಿ ಆಯ್ತು. ಚಿಕ್ಕದು ಅಂದ್ರೆ ನಾನು ಹೇಳುದು ಹೊಟ್ಟೆಯ ಹತ್ರ, ಅಂದ್ರೆ ತಲೆಯ ದಪ್ಪ ಭಾಗದಲ್ಲಿ, 6ರಿಂದ 8 ಮಿಲಿಮೀಟರ್ ಅಗಲ ಇದ್ದು ತುದಿಗೆ ಬರ್ತಾ ಸಪೂರ ಆಗುವ ಬ್ರಷ್, ಕೂದಲಿನ ಉದ್ದ ಒಂದು ಸೆಂಟಿಮೀಟರ್ ಅಥವಾ ಚೂರು ಜಾಸ್ತಿ. ದೊಡ್ಡದನ್ನು ಬಿಸಾಡುದು ಬೇಡ, ಅದಕ್ಕೂ ಕೆಲಸ ಉಂಟು, ಕಡೆಗೆ ಅಂಚು ಮಾಯ ಮಾಡ್ಲಿಕ್ಕೆ ಅದೇ ಬೇಕಾಗುದು.

ಪೆನ್ಸಿಲ್ ಬ್ರಷ್, ಟೇಪರ್ಡ್ ಬ್ರಷ್, ಕ್ರೀಸ್ ಬ್ರಷ್ ಅಂತೆಲ್ಲ ಹೆಸರುಂಟು, ನನಗೆ ಯಾವ್ದು ಬೇಕು?

ಪೆನ್ಸಿಲ್ ಬ್ರಷ್ ಅಂದ್ರೆ ಕೂದಲು ಗಿಡ್ಡ, ಒತ್ತಾಗಿ ತುಂಬಿಸಿದ್ದು, ಸೀಸದ ಕಡ್ಡಿಯ ಹಾಗೆ ತುದಿ ಚೂಪು. ಅದು ಬಣ್ಣ ಇಡ್ಲಿಕ್ಕೆ ಮತ್ತೆ ಕಾಜಲ್ ಸ್ಮಜ್ ಮಾಡ್ಲಿಕ್ಕೆ, ಅಂದ್ರೆ ಗೆರೆಯನ್ನು ಚೂರು ಹರಡ್ಲಿಕ್ಕೆ, ಬ್ಲೆಂಡ್ ಮಾಡ್ಲಿಕ್ಕೆ ಅಷ್ಟು ಒಳ್ಳೇದಲ್ಲ, ಯಾಕಂದ್ರೆ ಒತ್ತಾಗಿರುವ ಕೂದಲು ಬಾಗುದಿಲ್ಲ, ಗೆರೆ ಬರ್ತದೆ. ಸ್ಮಾಲ್ ಟೇಪರ್ಡ್ ಅಂದ್ರೆ ಅದೇ ಸೈಜಿನ ಹತ್ತಿರ, ಆದ್ರೆ ಕೂದಲು ಚೂರು ಉದ್ದ, ಸಡಿಲ, ತುದಿ ಆಡ್ತದೆ. ಒಂದೇ ತಗೊಳ್ಳುದಾದ್ರೆ ಇದನ್ನೇ ತಗೊಳ್ಳಿ.

ಕಂಪೆನಿಗಳ ನಂಬರ್ ನೋಡಿ ಗಲಿಬಿಲಿ ಆಗ್ಬೇಡಿ. ಮ್ಯಾಕ್‌ನ 217 ಎಲ್ಲರೂ ಹೇಳುವ ಬ್ಲೆಂಡಿಂಗ್ ಬ್ರಷ್, ಅದು ಚಿಕ್ಕದಲ್ಲ, ಮಧ್ಯಮ. ಅದೇ ಕಂಪೆನಿಯ 219 ಪೆನ್ಸಿಲ್. ಸಿಗ್ಮಾದ ಇ45 ನಾನು ಹೇಳುವ ಚಿಕ್ಕ ಟೇಪರ್ಡ್ ಜಾತಿದು. ಇದನ್ನೇ ತಗೊಳ್ಳಿ ಅಂತ ಹೇಳುದಲ್ಲ, ಆಕಾರ ಕಣ್ಣಿಗೆ ಕೂತ್ಕೊಳ್ಳಲಿ ಅಂತ ಹೆಸರು ಹೇಳಿದ್ದು, ಫೋಟೋ ನೋಡಿಟ್ಕೊಂಡು ಅದೇ ಆಕಾರದ್ದು ನಿಮ್ಮ ಬಜೆಟ್ಟಲ್ಲಿ ಹುಡುಕಿದ್ರೆ ಆಯ್ತು.

ನ್ಯಾಚುರಲ್ ಹೇರ್ ಒಳ್ಳೇದಾ, ಸಿಂಥೆಟಿಕ್ ಒಳ್ಳೇದಾ?

ನಮ್ಮ ಊರಿಗೆ ಸಿಂಥೆಟಿಕ್. ಕಾರಣ ಹೇಳ್ತೇನೆ. ಆಡಿನ ಕೂದಲು, ಅಳಿಲಿನ ಕೂದಲು ಎಲ್ಲ ನಮ್ಮ ತಲೆಕೂದಲಿನ ಹಾಗೆ ಕೆರಾಟಿನ್, ಮೇಲ್ಮೈಯಲ್ಲಿ ಸಣ್ಣ ಸಣ್ಣ ಪದರ ಇರ್ತದೆ, ಆ ಪದರದಲ್ಲಿ ಪೌಡರ್ ಸಿಕ್ಕಿಕೊಂಡು ಚೂರು ಚೂರೇ ಬಿಡ್ತದೆ, ಹಾಗಾಗಿ ಒಣ ಮ್ಯಾಟ್ ಶ್ಯಾಡೋಗೆ, ಅಂದ್ರೆ ಹೊಳಪಿಲ್ಲದ ಹುಡಿ ಬಣ್ಣಕ್ಕೆ, ಅದು ಭಾರೀ ಚಂದ. ಜಪಾನಿನ ಹಿರೋಶಿಮಾ ಪ್ರಾಂತ್ಯದ ಕುಮಾನೋ ಅಂತ ಒಂದು ಊರು ಬ್ರಷ್ಷಿಗೇ ಹೆಸರು ಮಾಡಿದ್ದು, ಮೊದಲು ಬರೆಯುವ ಬ್ರಷ್, ಆಮೇಲೆ ಮೇಕಪ್ ಬ್ರಷ್, ಅಲ್ಲಿ ಕೂದಲಿನ ತುದಿಯನ್ನು ಕತ್ತರಿಸದೆ ಹಾಗೇ ಜೋಡಿಸಿ ಆಕಾರ ಕೊಡ್ತಾರೆ, ಅದಕ್ಕೆ ಅಷ್ಟು ಮೆತ್ತಗೆ. ಆದ್ರೆ ಅದೇ ಕೂದಲು ನೀರು ಹೀರ್ತದೆ, ಎಣ್ಣೆ ಹೀರ್ತದೆ, ಜೂನ್ ಜುಲೈಯಲ್ಲಿ ನಮ್ಮಲ್ಲಿ ಒಣಗಿಸುದೇ ದೊಡ್ಡ ಕೆಲಸ. ಸಿಂಥೆಟಿಕ್ ನಾರು ನುಣುಪು, ಕ್ರೀಮಿಗೂ ಆಗ್ತದೆ ಪೌಡರಿಗೂ ಆಗ್ತದೆ, ಬೇಗ ಒಣಗ್ತದೆ. ಪ್ರಾಣಿ ಕೂದಲು ಮುಖಕ್ಕೆ ಬೇಡ ಅನ್ನುವವರು ನಮ್ಮಲ್ಲಿ ಸುಮಾರು ಮಂದಿ ಇದ್ದಾರೆ, ಅವರಿಗೂ ಚಿಂತೆ ಇಲ್ಲ. ಮ್ಯಾಕ್‌ನವರೇ ಆಡಿನ ಕೂದಲಿನ 217 ಬಿಟ್ಟು 217ಎಸ್ ಅಂತ ಸಿಂಥೆಟಿಕ್‌ಗೆ ಬಂದದ್ದು.

ಅಂಗಡಿಯಲ್ಲಿ ನೋಡಿ ತಗೊಳ್ಳುದು ಹೇಗೆ?

ಮಂಗ್ಳೂರು ಹಂಪನಕಟ್ಟೆಯ ಫ್ಯಾನ್ಸಿ ಅಂಗಡಿ ಆಗ್ಲಿ, ಉಡುಪಿ ರಥಬೀದಿ ಹತ್ರದ್ದಾಗ್ಲಿ, ಮಾಲ್‌ನ ಕೌಂಟರ್ ಆಗ್ಲಿ, ಪರೀಕ್ಷೆ ಒಂದೇ. ಬ್ರಷ್ಷಿನ ತುದಿಯನ್ನು ಕೈಯ ಹಿಂಬದಿಗೆ ಒತ್ತಿ, ಚುಚ್ಚಿದ ಹಾಗೆ ಆದ್ರೆ ಬೇಡ. ಒತ್ತಿ ಬಿಟ್ಟಾಗ ಕೂದಲು ತಿರುಗಿ ಮೊದಲಿನ ಆಕಾರಕ್ಕೆ ಬರ್ಬೇಕು, ಬಾಗಿದ್ದು ಬಾಗಿಯೇ ನಿಂತ್ರೆ ಬಣ್ಣ ನೀವು ಹೇಳಿದಲ್ಲಿ ಹೋಗುದಿಲ್ಲ. ಎರಡು ಬೆರಳಲ್ಲಿ ಮೆಲ್ಲ ಎಳೆದು ನೋಡಿ, ಒಂದೆರಡು ಎಳೆ ಬಂದ್ರೆ ಪರ್ವಾಗಿಲ್ಲ, ಜಾಸ್ತಿ ಬಂದ್ರೆ ಅಂಟು ಸರಿ ಇಲ್ಲ ಅಂತ ಅರ್ಥ. ಕೂದಲು ಹಿಡಿದಿರುವ ಲೋಹದ ಭಾಗ ಅಲುಗಾಡ್ಬಾರ್ದು. ಬದಿಯಿಂದ ಬೆಳಕಿಗೆ ಹಿಡಿದು ನೋಡಿದ್ರೆ ತುದಿ ಒಂದೇ ಹದದಲ್ಲಿ ಸಪೂರ ಆಗ್ಬೇಕು, ಕತ್ತರಿಯಲ್ಲಿ ಚಪ್ಪಟೆ ಕತ್ತರಿಸಿದ ಹಾಗೆ ಇದ್ರೆ ಗೆರೆ ಗ್ಯಾರಂಟಿ.

ರೇಟ್ ಬಗ್ಗೆ ಕೇಳುವವರಿಗೆ: ಇನ್ನೂರು ರೂಪಾಯಿ ಒಳಗಿನ ಸಿಂಥೆಟಿಕ್‌ನಲ್ಲೂ ಲಾಯ್ಕದ್ದು ಸಿಗ್ತದೆ, ಎರಡು ಸಾವಿರ ದಾಟುದೂ ಉಂಟು. ಹನ್ನೆರಡು ಬ್ರಷ್ಷಿನ ಸೆಟ್ ಕಮ್ಮಿಗೆ ಸಿಕ್ಕಿತು ಅಂತ ತರುದಕ್ಕಿಂತ ಅದೇ ದುಡ್ಡಿಗೆ ಎರಡು ಒಳ್ಳೇದು ತನ್ನಿ, ಸೆಟ್ಟಲ್ಲಿ ಅರ್ಧ ಬ್ರಷ್ ಎಂತಕ್ಕೆ ಅಂತಲೇ ಗೊತ್ತಾಗದೆ ಡಬ್ಬದಲ್ಲಿ ಉಳಿಯುದು. ಎರಡು ಯಾಕೆ ಅಂದ್ರೆ ಒಂದು ತೆಳು ಬಣ್ಣಕ್ಕೆ, ಇನ್ನೊಂದು ಗಾಢ ಬಣ್ಣಕ್ಕೆ.

ಪೇಂಟಿಂಗ್ ಬ್ರಷ್ ಉಪಯೋಗಿಸ್ಬಹುದಾ? ಡ್ರಾಯಿಂಗ್ ಅಂಗಡಿಯಲ್ಲಿ ತುಂಬಾ ಕಮ್ಮಿಗೆ ಸಿಗ್ತದೆ.

ಹೊಸತು, ಮೆತ್ತಗಿನ ಸಿಂಥೆಟಿಕ್ ರೌಂಡ್ ಬ್ರಷ್ ತೊಳೆದು ಲೈನರಿಗೆ, ಕಣ್ಣಿನ ಒಳಮೂಲೆಗೆ ಉಪಯೋಗಿಸ್ಬಹುದು, ಬ್ಲೆಂಡಿಂಗ್ ಮಾತ್ರ ಅದ್ರಲ್ಲಿ ಸರಿಯಾಗುದಿಲ್ಲ. ಪೇಂಟ್ ತಾಗಿದ ಬ್ರಷ್ ಕಣ್ಣಿನ ಹತ್ರವೂ ತರ್ಬೇಡಿ. ಇನ್ನೊಂದು ವಿಷಯ, ಮುಂಗುಸಿ ಕೂದಲಿನ ಬ್ರಷ್ ಅಂತ ಯಾರಾದ್ರೂ ತೋರಿಸಿದ್ರೆ ಮುಟ್ಲೇಬೇಡಿ, ಮುಂಗುಸಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಿತ ಪ್ರಾಣಿ, ಅದರ ಕೂದಲಿನ ಬ್ರಷ್ ಮಾರುದು ಅಪರಾಧ, ಒಂದು ಬ್ರಷ್ಷಿಗಾಗಿ ಆ ಪ್ರಾಣಿಯನ್ನು ಕೊಲ್ತಾರೆ ಅಂದ್ರೆ ಹೊಟ್ಟೆ ಉರಿತದೆ.

ಬ್ಲೆಂಡ್ ಮಾಡುವ ಕ್ರಮ ಒಂದು ಸಲ ಸರಿಯಾಗಿ ಹೇಳಿ ಅಕ್ಕ.

ಹೇಳ್ತೇನೆ, ನಿಧಾನಕ್ಕೆ ಓದಿ. ಮೊದಲು ರೆಪ್ಪೆ ಒಣಗಿರ್ಬೇಕು. ಬೆವರಿದ ಅಥವಾ ಕ್ರೀಮ್ ಹಸಿ ಇರುವ ಚರ್ಮಕ್ಕೆ ಪೌಡರ್ ತಾಗಿದ್ರೆ ತಾಗಿದಲ್ಲೇ ಹಿಡ್ಕೊಳ್ತದೆ, ಆಮೇಲೆ ಎಷ್ಟು ಉಜ್ಜಿದ್ರೂ ಕದಲುದಿಲ್ಲ, ಪ್ಯಾಚ್ ಪ್ಯಾಚ್ ಬರುದು ಅದರಿಂದಲೇ. ಪ್ರೈಮರ್ (ಬಣ್ಣ ನಿಲ್ಲಲಿಕ್ಕೆ ಮೊದಲು ಹಚ್ಚುದು) ಅಥವಾ ತೆಳುವಾಗಿ ಕನ್ಸೀಲರ್ (ಕಲೆ ಮುಚ್ಚುವ ಕ್ರೀಮ್) ಹಚ್ಚಿ, ಅದ್ರ ಮೇಲೆ ಚೂರು ಲೂಸ್ ಪೌಡರ್ ಅಥವಾ ಚರ್ಮದ ಬಣ್ಣದ ಶ್ಯಾಡೋ ಕೂರಿಸಿ, ಈಗ ಬ್ರಷ್ ಜಾರ್ತದೆ.

ಚಿಕ್ಕ ಬ್ರಷ್ಷಿನ ತುದಿಯನ್ನು ಮಾತ್ರ ಪ್ಯಾಲೆಟ್‌ಗೆ, ಅಂದ್ರೆ ಬಣ್ಣದ ಡಬ್ಬಿಗೆ, ತಾಗಿಸಿ, ಒತ್ತಿ ತಿರುಗಿಸುದು ಬೇಡ, ತಾಗಿಸಿದ ಮೇಲೆ ಹಿಡಿಯನ್ನು ಬೆರಳಿಗೆ ಒಂದು ಸಲ ತಟ್ಟಿ, ಹುಡಿ ಉದುರಿ ಹೋಗ್ಲಿ. ಮೊದಲ ತಾಗು ಎಲ್ಲಿ ಬೀಳ್ತದೋ ಅಲ್ಲೇ ಬಣ್ಣ ಎಲ್ಲಕ್ಕಿಂತ ಗಾಢ, ಹಾಗಾಗಿ ಅದು ಕಣ್ಣಿನ ಹೊರಮೂಲೆಯಲ್ಲಿ ಬೀಳ್ಬೇಕು, ನಡುವಿನಲ್ಲಿ ಅಲ್ಲ. ಅಲ್ಲಿಂದ ಮಡಿಕೆಯ ಗುಂಟ ಒಳಗೆ ಬರ್ತಾ ಆಚೀಚೆ ವೈಪರ್ ಹಾಗೆ, ಸಣ್ಣ ಸಣ್ಣ ದೂರ, ಮೂಗಿನ ಕಡೆ ಹೋಗ್ತಾ ಹೋಗ್ತಾ ಬಣ್ಣ ತಾನೇ ಕಮ್ಮಿ ಆಗ್ತದೆ. ಆಮೇಲೆ ಬ್ರಷ್ಷಿಗೆ ಹೊಸ ಬಣ್ಣ ತಾಗಿಸದೆ ಮೇಲಿನ ಅಂಚಿನಲ್ಲಿ ಮಾತ್ರ ಚಿಕ್ಕ ಚಿಕ್ಕ ಸುತ್ತು. ಬ್ಲೆಂಡಿಂಗ್ ಅಂದ್ರೆ ಅಂಚನ್ನು ಕರಗಿಸುದು ಮಾತ್ರ, ನಡುವಿನ ಬಣ್ಣವನ್ನು ಮುಟ್ಲೇಬಾರ್ದು, ತಪ್ಪುವುದು ಇಲ್ಲಿಯೇ, ನಡುವನ್ನೂ ಸೇರಿಸಿ ಉಜ್ಜಿ ಉಜ್ಜಿ ಹಚ್ಚಿದ್ದನ್ನೆಲ್ಲ ತೆಗೆದುಬಿಡ್ತಾರೆ.

ಹಿಡಿಯುದು ಹೇಗೆ ಅಂದ್ರೆ, ಬಣ್ಣ ಇಡುವಾಗ ಲೋಹದ ಭಾಗದ ಹತ್ರ, ಬ್ಲೆಂಡ್ ಮಾಡುವಾಗ ಹಿಡಿಯ ಕೊನೆಯಲ್ಲಿ. ದೂರದಲ್ಲಿ ಹಿಡಿದಷ್ಟು ಒತ್ತಡ ಕಮ್ಮಿ, ಕೈ ತಾನಾಗಿ ಹಗುರ ಆಗ್ತದೆ. ರಂಗೋಲಿ ಹುಡಿ ಬಿಡುವಾಗ ಬೆರಳು ಎಷ್ಟು ಹಗುರ ಇರ್ತದೋ ಅಷ್ಟೇ ಸಾಕು. ಕೂದಲು ಬಗ್ಗಿ ಅಡ್ಡ ಮಲಗುವಷ್ಟು ಒತ್ತಿದ್ರೆ ಎಂಟು ಮಿಲಿಮೀಟರಿನ ಬ್ರಷ್ಷೂ ಹನ್ನೆರಡರದ್ದಾಗ್ತದೆ, ಮತ್ತೆ ಚಿಕ್ಕದು ತಂದದ್ದು ಎಂತಕ್ಕೆ?

ಗಾಢ ಬಣ್ಣ ಕಡೆಗೆ, ಮತ್ತೆ ತೆಳು ಬಣ್ಣ ಹರಡಿದ ಗಡಿಯ ಒಳಗೆಯೇ. ಅದು ಗಡಿ ದಾಟಿದ್ರೆ ಗಂಟಲಿಗೆ ಮುಳ್ಳು ಸಿಕ್ಕಿದ ಹಾಗೆ, ತೆಗಿಲಿಕ್ಕೆ ಕಷ್ಟ. ಗಡಿ ದಾಟಿತು ಅಂತಾದ್ರೆ ಮೇಲಿಂದ ಮೊದಲಿನ ತೆಳು ಬಣ್ಣ ಇನ್ನೊಮ್ಮೆ ತಾಗಿಸಿ, ಹೊರ ಅಂಚನ್ನು ಇಯರ್ ಬಡ್‌ನಲ್ಲಿ ಒರೆಸಿ.

ಎಲ್ಲ ಕಲರ್ ಸೇರಿ ಕೆಸರಾಗ್ತದೆ. ಯಾಕೆ?

ಮೂರು ಬಣ್ಣಕ್ಕೂ ಒಂದೇ ಬ್ರಷ್, ನಡುವಲ್ಲಿ ಒರೆಸದೆ. ಒಣ ಮೈಕ್ರೋಫೈಬರ್ ಬಟ್ಟೆ ಅಥವಾ ಹಳೆ ಟರ್ಕಿ ಟವೆಲ್ ಮಡಿಲಲ್ಲಿ ಇಟ್ಕೊಂಡು ಪ್ರತಿ ಬಣ್ಣದ ನಡುವೆ ಒರೆಸಿ. ಅಷ್ಟೇ.

ಶಿಮ್ಮರ್ ಇದ್ರೆ ಅದಕ್ಕೆ ಈ ಬ್ರಷ್ ಬೇಡ. ಅದನ್ನು ಉಂಗುರ ಬೆರಳಲ್ಲಿ ಅಥವಾ ಚಪ್ಪಟೆ ಬ್ರಷ್ಷಲ್ಲಿ ಒತ್ತಿ ಕೂರಿಸುದು, ಉಜ್ಜಿದ್ರೆ ಹೊಳಪು ಕೆನ್ನೆಗೆ ಉದುರ್ತದೆ.

ನಮ್ಮ ಚರ್ಮಕ್ಕೆ ಮೊದಲ ಬಣ್ಣ ಯಾವ್ದು ಹಾಕುದು? ನಾನು ಕಪ್ಪು, ನನಗೆ ಬೂದಿ ಬೂದಿ ಕಾಣ್ತದೆ.

ಬೂದಿ ಕಾಣುದು ನಿಮ್ಮ ಚರ್ಮದಿಂದ ಅಲ್ಲ, ಬಣ್ಣ ಚರ್ಮಕ್ಕಿಂತ ತೆಳುವಾದ ಕಾರಣ. ವಿಡಿಯೋದಲ್ಲಿ ತುಂಬಾ ಬೆಳ್ಳಗಿನವರು ಹಾಕುವ ತೆಳು ಬೀಜ್, ಅಂದ್ರೆ ಮರಳಿನ ಹಾಗಿನ ಬಣ್ಣ, ನಮ್ಮ ಮೇಲೆ ಸುಣ್ಣ ಬಳಿದ ಹಾಗಾಗ್ತದೆ. ಮೊದಲ ಬಣ್ಣ ನಿಮ್ಮ ಚರ್ಮಕ್ಕಿಂತ ಒಂದೆರಡು ಶೇಡ್ ಗಾಢ ಇರ್ಬೇಕು, ಮತ್ತೆ ಕೆಂಪಿನ ಅಥವಾ ಕಿತ್ತಳೆಯ ಕಡೆಗೆ ವಾಲಿರ್ಬೇಕು, ಗೋಧಿ ಬಣ್ಣದವರಿಗೆ ಕ್ಯಾರಮೆಲ್, ಕಪ್ಪಗಿನವರಿಗೆ ಇಟ್ಟಿಗೆ ಬಣ್ಣ, ಹಂಚಿನ ಬಣ್ಣ. ಕಪ್ಪಗಿನ ಮುಖದಲ್ಲಿ ಹಂಚಿನ ಬಣ್ಣದ ಕ್ರೀಸ್, ಮೇಲೆ ಉಡುಪಿ ಮಲ್ಲಿಗೆ, ಕಾಂಜೀವರಂ ಸೀರೆ, ಅದರಷ್ಟು ಚಂದ ನನಗೆ ಬೇರೆ ಯಾವ್ದೂ ಕಂಡಿಲ್ಲ, ಬೆಳ್ಳಗೆ ಮಾಡಿ ಅಂತ ಕೇಳುವವರಿಗೆ ಇದನ್ನು ಹೇಳ್ತಲೇ ಇರ್ತೇನೆ.

ನನ್ನ ರೆಪ್ಪೆ ಕೆಳಗೆ ಮಡಚಿ ಬರ್ತದೆ, ಕಣ್ಣು ತೆರೆದ್ರೆ ಹಾಕಿದ್ದು ಎಂತದೂ ಕಾಣುದಿಲ್ಲ. ಅಮ್ಮನಿಗೂ ಹಾಗೇ.

ಇಂಥ ಕಣ್ಣಿಗೇ ಚಿಕ್ಕ ಬ್ರಷ್ ಎಲ್ಲರಿಗಿಂತ ಜಾಸ್ತಿ ಬೇಕಾಗುದು. ಕಣ್ಣು ತೆರೆದು ಕನ್ನಡಿಯನ್ನು ನೇರ ನೋಡಿ, ಹುಬ್ಬು ಎತ್ತಬೇಡಿ, ಆಗ ಮಡಿಕೆಯ ಚರ್ಮ ಎಲ್ಲಿ ಕಾಣ್ತದೋ ಅದಕ್ಕಿಂತ ಚೂರು ಮೇಲೆ ಬಣ್ಣದ ಗುರುತು ಇಡಿ. ನಿಜವಾದ ಮಡಿಕೆ ಒಳಗೆ ಅಡಗಿರ್ತದೆ, ಅಲ್ಲಿ ಹಾಕಿದ್ದು ಕಾಣ್ಲಿಕ್ಕೆ ಸಾಧ್ಯವೇ ಇಲ್ಲ. ಗುರುತು ಇಟ್ಟ ಮೇಲೆ ಕಣ್ಣು ಅರ್ಧ ಮುಚ್ಚಿ ಕೆಳಗಿಂದ ಸೇರಿಸ್ತಾ ಬನ್ನಿ, ನಡುವಲ್ಲಿ ಎರಡು ಮೂರು ಸಲ ಕಣ್ಣು ತೆರೆದು ನೋಡಿ.

ಅಮ್ಮಂದಿರಿಗೆ, ಅತ್ತೆಯಂದಿರಿಗೆ ಹಾಕುವಾಗ ರೆಪ್ಪೆಯನ್ನು ಬದಿಗೆ ಎಳೆದು ಹಿಡಿದು ಹಾಕ್ತಾರಲ್ಲ, ಬಿಟ್ಟ ಕೂಡ್ಲೆ ಚರ್ಮ ಹಿಂದೆ ಹೋಗಿ ಗೆರೆ ಅಂಕುಡೊಂಕಾಗ್ತದೆ. ಎಳಿಬೇಡಿ. ಬ್ರಷ್ ಮೆತ್ತಗಿದ್ರೆ ಎಳಿಯುವ ಅಗತ್ಯವೇ ಬೀಳುದಿಲ್ಲ. ಮತ್ತೆ ಅವರಿಗೆ ಮ್ಯಾಟ್ ಸಾಕು, ಮಡಿಕೆಯಲ್ಲಿ ಶಿಮ್ಮರ್ ಹಾಕಿದ್ರೆ ಸುಕ್ಕು ಎದ್ದು ಕಾಣ್ತದೆ.

ಧಾರೆ ಮಂಟಪದಲ್ಲಿ ಬೆವರಿ ಕಾಜಲ್ ಎಲ್ಲ ಕೆಳಗಿಳಿತದೆ. ಬ್ರಷ್ಷಿಂದ ಎಂತಾದ್ರೂ ಮಾಡ್ಬಹುದಾ?

ಮಾಡ್ಬಹುದು, ಇದು ನಮ್ಮೂರಿನ ಪ್ರಶ್ನೆ. ಏಪ್ರಿಲ್ ಮೇ ಸೆಕೆಯಲ್ಲಿ ಹಾಲ್‌ಗೆ ಎಸಿ ಇದ್ರೂ ಹೋಮದ ಎದುರು ಕೂತ್ರೆ ಮುಗಿಯಿತು. ಕಾಜಲ್ ಮೇಣ ಎಣ್ಣೆಯದ್ದು, ಅದು ಬಿಸಿಗೆ ಕರಗ್ತದೆ, ಹಾಗಾಗಿ ಕೆಳರೆಪ್ಪೆಯಲ್ಲಿ ಕಾಜಲ್ ಎಳೆದ ಕೂಡ್ಲೆ ಪೆನ್ಸಿಲ್ ಬ್ರಷ್ಷಲ್ಲಿ ಅದೇ ಬಣ್ಣದ ಮ್ಯಾಟ್ ಶ್ಯಾಡೋವನ್ನು ಮೇಲೆ ಒತ್ತಿ ಒತ್ತಿ ಕೂರಿಸಿ, ಎಳೆಯುದಲ್ಲ, ಒತ್ತುದು. ಎಣ್ಣೆಯನ್ನು ಪೌಡರ್ ಹಿಡ್ಕೊಳ್ತದೆ. ಕಪ್ಪಿನ ಕೆಳಗೆ ಚೂರು ಕಂದು ಬಣ್ಣವನ್ನು ಚಿಕ್ಕ ಟೇಪರ್ಡ್ ಬ್ರಷ್ಷಲ್ಲಿ ಕೂದಲೆಳೆಯಷ್ಟು ಅಗಲಕ್ಕೆ ಬ್ಲೆಂಡ್ ಮಾಡಿದ್ರೆ, ಸಂಜೆಗೆ ಕಾಜಲ್ ಚೂರು ಹರಡಿದ್ರೂ ಬೇಕಂತಲೇ ಸ್ಮೋಕಿ ಮಾಡಿದ ಹಾಗೆ ಕಾಣ್ತದೆ. ಕಣ್ಣಿನ ಒಳಗಿನ ಹಸಿ ಅಂಚಿಗೆ ಮಾತ್ರ ಪೌಡರ್ ಬ್ರಷ್ ಬೇಡ, ಹುಡಿ ಕಣ್ಣಿಗೆ ಹೋಗ್ತದೆ.

ಭರತನಾಟ್ಯಕ್ಕೆ, ಯಕ್ಷಗಾನಕ್ಕೆ ಇದೇ ಬ್ರಷ್ ಆಗ್ತದಾ?

ಭರತನಾಟ್ಯಕ್ಕೆ ಕ್ರೀಸ್ ತನಕ ಆಗ್ತದೆ, ಆದ್ರೆ ಸ್ಟೇಜಿಗೆ ಅಂಚು ಕರಗಿಸುದು ಕಮ್ಮಿ ಮಾಡಿ, ದೂರದ ಸಾಲಿನವರಿಗೆ ಗೆರೆ ಕಾಣ್ಬೇಕಲ್ಲ. ಯಕ್ಷಗಾನದ್ದು ಬೇರೆಯೇ ವಿದ್ಯೆ. ಚೌಕಿಯಲ್ಲಿ, ಅಂದ್ರೆ ವೇಷ ಕಟ್ಟುವ ಜಾಗದಲ್ಲಿ, ಕಲಾವಿದರು ತಮ್ಮ ಬಣ್ಣ ತಾವೇ ಬರ್ಕೊಳ್ಳುದು, ದೀಪದ ಬೆಳಕಲ್ಲಿ ಕಣ್ಣು ದೊಡ್ಡ ಕಾಣ್ಬೇಕು, ರೇಖೆ ರೇಖೆಯಾಗಿಯೇ ನಿಲ್ಬೇಕು, ಅಲ್ಲಿ ಬ್ಲೆಂಡಿಂಗ್ ಮಾಡಿದ್ರೆ ವೇಷವೇ ಹಾಳು. ಕಣ್ಣಿನ ಆಕಾರಕ್ಕೆ ಸರಿಯಾಗಿ ರೇಖೆ ಎಲ್ಲಿ ಎತ್ತಬೇಕು ಅಂತ ಕಲಿಲಿಕ್ಕೆ ಮನಸ್ಸಿದ್ದವರು ಚೌಕಿಯ ಹತ್ರ, ಅವರ ಅನುಮತಿ ಕೇಳಿ, ಒಂದು ಗಂಟೆ ಸುಮ್ಮನೆ ಕೂತು ನೋಡಿ. ಯಾವ ವಿಡಿಯೋವೂ ಅಷ್ಟು ಕಲಿಸುದಿಲ್ಲ.

ತೊಳೆಯುದು, ಒಣಗಿಸುದು? ಮಳೆಗಾಲದಲ್ಲಿ ಬ್ರಷ್ ವಾಸನೆ ಬರ್ತದೆ.

ಇದನ್ನು ದಯವಿಟ್ಟು ಪೂರಾ ಓದಿ, ಬ್ರಷ್ ಆರಿಸುದರಷ್ಟೇ ಇದು ಮುಖ್ಯ. ನಿಮ್ಮದೇ ಉಪಯೋಗಕ್ಕಾದ್ರೆ ವಾರಕ್ಕೊಮ್ಮೆ ತೊಳಿರಿ, ಬೇರೆಯವರಿಗೆ ಹಾಕುವವರು ಒಬ್ಬೊಬ್ಬರ ನಂತರ. ಉಗುರು ಬೆಚ್ಚಗಿನ ನೀರು, ಬೇಬಿ ಶ್ಯಾಂಪೂ ಒಂದು ಹನಿ, ಅಂಗೈಯಲ್ಲಿ ಮೆಲ್ಲ ತಿರುಗಿಸಿ. ಬ್ರಷ್ಷಿನ ತುದಿ ಯಾವಾಗಲೂ ಕೆಳಗೆ ನೋಡ್ತಿರ್ಬೇಕು, ನೀರು ಲೋಹದ ಒಳಗೆ ಹೋದ್ರೆ ಅಂಟು ಬಿಡ್ತದೆ, ಮರದ ಹಿಡಿ ಉಬ್ಬಿ ಬಿರುಕು ಬಿಡ್ತದೆ, ಆಮೇಲೆ ತಲೆ ಕಳಚಿ ಕೈಗೆ ಬರ್ತದೆ. ಬಿಸಿನೀರೂ ಅದೇ ಕಾರಣಕ್ಕೆ ಬೇಡ, ಬಾಲ್ದಿಯಲ್ಲಿ ನೆನೆ ಹಾಕುದೂ ಬೇಡ.

ತೊಳೆದ ಮೇಲೆ ಟವೆಲಲ್ಲಿ ಒತ್ತಿ ನೀರು ತೆಗೆದು, ಬೆರಳಲ್ಲಿ ತುದಿಯ ಆಕಾರ ಸರಿ ಮಾಡಿ, ಮೇಜಿನ ಅಂಚಿನಿಂದ ತಲೆ ಹೊರಗೆ ಚಾಚಿದ ಹಾಗೆ ಮಲಗಿಸಿಡಿ, ಸುತ್ತಲೂ ಗಾಳಿ ಆಡ್ಲಿ. ಲೋಟದಲ್ಲಿ ತಲೆ ಮೇಲೆ ಮಾಡಿ ಒದ್ದೆ ಬ್ರಷ್ ನಿಲ್ಲಿಸಿದ್ರೆ ನೀರು ಒಳಗಿಳಿತದೆ. ಬೇಸಿಗೆಯಲ್ಲಿ ರಾತ್ರಿ ತೊಳೆದ್ರೆ ಬೆಳಗ್ಗೆ ರೆಡಿ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿಯ ತೇವಾಂಶ 90 ಪರ್ಸೆಂಟಿನ ಹತ್ರ ನಿಲ್ಲುದೇ ಹೆಚ್ಚು, ಬಟ್ಟೆಯೇ ಒಣಗುದಿಲ್ಲ, ಬ್ರಷ್ ಒಣಗ್ತದಾ? ಫ್ಯಾನಿನ ಕೆಳಗೆ ಇಡೀ ಒಂದು ದಿನ ಬಿಡಿ, ಎಸಿ ರೂಮ್ ಇದ್ರೆ ಇನ್ನೂ ಒಳ್ಳೇದು. ಬುಡದ ಕೂದಲನ್ನು ಮುಟ್ಟಿ ತಂಪು ಅನ್ನಿಸಿದ್ರೆ ಇನ್ನೂ ಒದ್ದೆ ಉಂಟು ಅಂತ ಲೆಕ್ಕ. ಆ ಒದ್ದೆಯಲ್ಲಿ ಡಬ್ಬಕ್ಕೆ ಹಾಕಿ ಜಿಪ್ ಎಳೆದ್ರೆ ಫಂಗಸ್ ಬರ್ತದೆ, ಆ ವಾಸನೆ ಅದರದ್ದೇ. ಪೂರಾ ಒಣಗಿದ ಮೇಲೆ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಹಾಕಿಡಿ, ಚಪ್ಪಲಿ ಬಾಕ್ಸಲ್ಲಿ ಬರ್ತದಲ್ಲ, ಅದು. ಕಪ್ಪು ಚುಕ್ಕೆ ಕಂಡ ಬ್ರಷ್ಷನ್ನು ತೊಳೆದು ಉಳಿಸುವ ಆಸೆ ಬೇಡ, ಕಣ್ಣಿಗಿಂತ ಬ್ರಷ್ ದೊಡ್ಡದಲ್ಲ.

ತುರ್ತಿಗೆ ಸ್ಪಿರಿಟ್ ಉಪಯೋಗಿಸುವವರು 70 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್ ತಗೊಳ್ಳಿ. 99ರದ್ದು ಜಾಸ್ತಿ ಸ್ಟ್ರಾಂಗ್ ಅಂತ ಅನ್ಸ್ತದೆ, ಆದ್ರೆ ಅದು ತಕ್ಷಣ ಆರಿ ಹೋಗ್ತದೆ, ಕ್ರಿಮಿ ಸಾಯ್ಲಿಕ್ಕೆ ನೀರಿನ ಅಂಶವೂ ಚೂರು ಹೊತ್ತೂ ಬೇಕು. ಬಟ್ಟೆಗೆ ಸ್ಪ್ರೇ ಮಾಡಿ ಬ್ರಷ್ ಒರೆಸಿ, ಪೂರಾ ಆರಿದ ಮೇಲೆಯೇ ಕಣ್ಣಿಗೆ ತಾಗಿಸಿ. ಶ್ಯಾಂಪೂ ವಾಷಿಗೆ ಇದು ಬದಲಿ ಅಲ್ಲ.

ಹಾಸ್ಟೆಲಲ್ಲಿ ಫ್ರೆಂಡ್ಸ್ ಕೇಳ್ತಾರೆ, ಬ್ರಷ್ ಕೊಡ್ಬಹುದಾ?

ಮಣಿಪಾಲದ ಮಕ್ಕಳು ಇದನ್ನು ಕೇಳ್ತಲೇ ಇರ್ತಾರೆ. ಕೆನ್ನೆಯ ಬ್ರಷ್ ತೊಳೆದು ಕೊಡಿ, ಕಣ್ಣಿನದ್ದು ಕೊಡ್ಬೇಡಿ. 2023ರ ಮಳೆಗಾಲದಲ್ಲಿ ಕೆಂಗಣ್ಣು ಹೇಗೆ ಹಬ್ಬಿತ್ತು ಅಂತ ನೆನಪುಂಟಲ್ಲ? ಕೆಂಗಣ್ಣು ಬಂದಾಗ ಕಣ್ಣಿಗೆ ಮೇಕಪ್ಪೇ ಬೇಡ, ಆ ಹೊತ್ತಲ್ಲಿ ಉಪಯೋಗಿಸಿದ ಕಾಜಲ್ ಮಸ್ಕರಾ ಬಿಸಾಡಿ. ಫ್ರೆಂಡ್ ಬೇಜಾರು ಮಾಡ್ಕೊಂಡ್ರೆ ಅವಳ ಬರ್ತ್‌ಡೇಗೆ ಒಂದು ಬ್ರಷ್ ಗಿಫ್ಟ್ ಕೊಡಿ ಮಾರಾಯ್ತಿ.

ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು?

ಕೈ ತೊಳೆದು ಲೆನ್ಸ್ ಮೊದಲು, ಮೇಕಪ್ ಆಮೇಲೆ. ತೆಗೆಯುವಾಗ ಲೆನ್ಸ್ ಮೊದಲು ತೆಗೆದು ಮತ್ತೆ ಮೇಕಪ್ ಒರೆಸುದು. ಹುಡಿ ಜಾಸ್ತಿ ಉದುರುವ ಶ್ಯಾಡೋ, ಗ್ಲಿಟರ್ ಎರಡೂ ನಿಮಗೆ ಬೇಡ.

ಒಂದು ಬ್ರಷ್ ಎಷ್ಟು ಸಮಯ ಬರ್ತದೆ?

ಸರಿಯಾಗಿ ನೋಡ್ಕೊಂಡ್ರೆ ವರ್ಷಗಟ್ಟಲೆ. ತುದಿ ಹೂವಿನ ಹಾಗೆ ಅರಳಿ, ತೊಳೆದು ಆಕಾರ ಕೊಟ್ರೂ ಚೂಪಾಗದಿದ್ರೆ ಅದು ಇನ್ನು ಕ್ರೀಸಿಗೆ ಆಗುದಿಲ್ಲ, ಹುಬ್ಬಿನ ಕೆಳಗೆ ಹೈಲೈಟ್ ಹಾಕ್ಲಿಕ್ಕೆ ಇಟ್ಕೊಳ್ಳಿ. ಕೂದಲು ಕಣ್ಣಿಗೆ ಉದುರ್ಲಿಕ್ಕೆ ಶುರುವಾದ್ರೆ, ಅಥವಾ ತೊಳೆದು ಒಣಗಿಸಿದ ಮೇಲೂ ಚುಚ್ಚಿದ್ರೆ, ಹೊಸತು ತನ್ನಿ.